ಎರಡು ವಿಮಾನಗಳ ನಡುವೆ: ಬಾಣಂತನದ ಅಜ್ಜಿಯ ಅನುಭವದ ಪಾಠಗಳು

ನಮ್ಮೂರು ಕತ್ತಲಗೆರೆ, ಚನ್ನಗಿರಿ ತಾಲ್ಲೂಕು. ಕೃಷಿ ಸಂಶೋಧನಾ ಕೇಂದ್ರ ಇರುವುದರಿಂದ ರೈತರಿಗೆ ಊರ ಹೆಸರು ಗೊತ್ತಿರುತ್ತದೆ. ಉಳಿದವರಿಗೆ "ಸೂಳೆಕೆರೆ ಗೊತ್ತಲ್ಲ, ಆ ಕಡೆ" ಎಂದು ಹೇಳಬೇಕು. ಭದ್ರಾ ನಾಲೆ, ಭತ್ತ, ಅಡಿಕೆ, ಖೇಣಿ ಲೆಕ್ಕ, ಇಷ್ಟರಲ್ಲೇ ನಮ್ಮ ವರ್ಷ ತಿರುಗುತ್ತದೆ. ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಚಿಕ್ಕವಳು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. 2016ರಿಂದ ಈಚೆಗೆ ನಾಲ್ಕು ಬಾಣಂತನ ಮುಗಿಸಿದ್ದೇನೆ. ಐದನೆಯ ಸಲ ಹೋಗಿದ್ದು ಬರೀ ಮೊಮ್ಮಕ್ಕಳನ್ನು ನೋಡಲಿಕ್ಕೆ.

ವಾಪಸ್ ಬಂದಾಗ ಕೇರಿಯ ಹೆಂಗಸರು ಕೇಳುತ್ತಾರೆ, "ಏನೇನ್ ನೋಡ್ಕೊಂಡ್ ಬಂದ್ರಿ ಅಕ್ಕಾ?" ಏನು ಹೇಳಲಿ? ಅಲ್ಲಿ ನಾನು ನೋಡಿದ್ದು ಗ್ಯಾಸ್ ಒಲೆ, ಬಚ್ಚಲು, ತೊಟ್ಟಿಲು. ಮಗುವಿಗೆ ಎಣ್ಣೆ ನೀರು, ಬಾಣಂತಿಗೆ ಮೆಣಸಿನ ಸಾರು, ಅಳಿಯಂದಿರಿಗೆ ರೊಟ್ಟಿ. ಆರು ತಿಂಗಳಲ್ಲಿ ನಾನು ನನ್ನ ಪಾಡಿಗೆ ಇದ್ದ ಹೊತ್ತು ಎಂದರೆ ಹೋಗುವಾಗ ಬರುವಾಗ ಎರಡು ವಿಮಾನಗಳ ನಡುವೆ ಸಿಕ್ಕ ಹೊತ್ತು ಮಾತ್ರ. ಮಕ್ಕಳು ಅದಕ್ಕೆ ಲೇಓವರ್ ಅನ್ನುತ್ತಾರೆ. ಮೊದಲ ಸಲ ಅದನ್ನು ಕುರ್ಚಿಯ ಮೇಲೆ ಕೂತು ಹಾಳು ಮಾಡಿದೆ. ಆಮೇಲೆ ಒಂದೊಂದೇ ಕಲಿತೆ. ನಮ್ಮ ಕಡೆಯಿಂದ ಹೀಗೆ ಹೊರಡುವ ತಾಯಂದಿರು ಈಗ ಬಹಳ ಜನ ಇದ್ದಾರೆ. ಅವರಿಗಾಗಿ ಇದು.

1. ಟಿಕೆಟ್ ಮಾಡಿಸುವಾಗಲೇ ಬಾಯಿ ಬಿಡಿ.

ಟಿಕೆಟ್ ಮಾಡಿಸುವವರು ಮಕ್ಕಳು. ಅವರು ನೋಡುವುದು ಎರಡೇ: ರೇಟು ಎಷ್ಟು, ಬೇಗ ಮುಟ್ಟುತ್ತಾರಾ. "ಅಮ್ಮಾ, ಬರೀ ಒಂದೂಮುಕ್ಕಾಲು ಗಂಟೆ ಲೇಓವರ್, ಕಷ್ಟ ಆಗಲ್ಲ" ಅನ್ನುತ್ತಾರೆ. ಇಪ್ಪತ್ತೈದು ವರ್ಷದವರಿಗೆ ಕಷ್ಟ ಆಗದಿರಬಹುದು. ಮಂಡಿನೋವಿನ ಯಜಮಾನರನ್ನು ಕಟ್ಟಿಕೊಂಡು ಇಷ್ಟುದ್ದದ ಕಾರಿಡಾರಿನಲ್ಲಿ ಗೇಟು ಹುಡುಕುತ್ತಾ ಓಡುವವಳಿಗೆ ಅದು ಶಿಕ್ಷೆ. ಮೊದಲ ವಿಮಾನ ಅರ್ಧ ಗಂಟೆ ತಡವಾದರೆ ಮುಗಿಯಿತು. ಈಗ ನಾನೇ ಹೇಳುತ್ತೇನೆ: ಎಂಟು ಗಂಟೆಗೆ ಕಡಿಮೆ ಬೇಡ, ಹನ್ನೆರಡಾದರೂ ಸೈ. ಅದು ಹಗಲು ಹೊತ್ತಿನಲ್ಲಿ ಬೀಳಲಿ. ರಾತ್ರಿಯ ಹನ್ನೆರಡು ಗಂಟೆ ಕೊಟ್ಟರೆ ನಿದ್ದೆಗೂ ಬರುವುದಿಲ್ಲ, ಸುತ್ತಲಿಕ್ಕೂ ಬರುವುದಿಲ್ಲ.

ಇನ್ನೊಂದು ಮಾತು. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಬೇರೆ ವಿಮಾನ ಹತ್ತಿಸುವ ಜವಾಬ್ದಾರಿ ಕಂಪನಿಯದು. ಎರಡು ಕಡೆ ಎರಡು ಟಿಕೆಟ್ ಮಾಡಿಸಿದರೆ ತಪ್ಪಿದ್ದು ನಿಮ್ಮ ಹಣೆಬರಹ.

2. ಎಂಟು ಗಂಟೆ ಎಂದರೆ ಎರಡು ಗಂಟೆ.

ಒಂದು ಎಕರೆ ತೋಟ ಎಂದರೆ ಎಕರೆ ತುಂಬಾ ಗಿಡ ನಿಲ್ಲುತ್ತದೆಯೇ? ಬದು, ಬಸಿಗಾಲುವೆ, ಗಾಡಿ ದಾರಿ, ಮೋಟರ್ ಮನೆ ಎಲ್ಲ ಕಳೆದ ಮೇಲೆ ಉಳಿದದ್ದು ಗಿಡದ್ದು. ಲೇಓವರ್ ಲೆಕ್ಕವೂ ಹಾಗೆಯೇ. ವಿಮಾನ ಇಳಿದು, ಇಮಿಗ್ರೇಷನ್ ಸಾಲು ದಾಟಿ ಹೊರಗೆ ಕಾಲಿಡಲು ಒಂದೂವರೆ ಗಂಟೆ. ಊರೊಳಗೆ ಹೋಗಿ ಬರಲು ಒಂದೂವರೆ. ಮುಂದಿನ ವಿಮಾನಕ್ಕೆ ಮೂರು ಗಂಟೆ ಮೊದಲು ವಾಪಸ್ ಬಂದಿರಬೇಕು. ಎಂಟರಲ್ಲಿ ಆರು ಹೋಯಿತು. ನಿಮ್ಮ ಕೈಗೆ ಸಿಗುವುದು ಎರಡು. ಆ ಎರಡನ್ನು ಇಟ್ಟುಕೊಂಡು ಮನಸ್ಸಿನಲ್ಲಿ ನಕಾಶೆ ಹಾಕಿಕೊಳ್ಳಿ, ಎಂಟನ್ನು ಇಟ್ಟುಕೊಂಡಲ್ಲ. ಆರು ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗುವ ಯೋಚನೆಯೇ ಬೇಡ. ಒಳಗೇ ಮುಖ ತೊಳೆದು, ಸೀರೆ ಬದಲಿಸಿ, ಕಾಲು ಚಾಚಿ ಕೂರಿ.

3. ಹೊರಗೆ ಬಿಡುತ್ತಾರೋ ಇಲ್ಲವೋ, ಊರಲ್ಲೇ ಕೇಳಿಕೊಂಡು ಹೊರಡಿ.

2016ರಲ್ಲಿ ಮೊದಲ ಸಲ ಹೋದಾಗ ಫ್ರಾಂಕ್‌ಫರ್ಟ್‌ನಲ್ಲಿ ಒಂಬತ್ತು ಗಂಟೆ. ಏರ್‌ಪೋರ್ಟಿನ ಕೆಳಗೇ ರೈಲು, ಕಾಲು ಗಂಟೆಯಲ್ಲಿ ಊರ ಮಧ್ಯಕ್ಕೆ ಬಿಡುತ್ತದೆ ಎಂದು ಪಕ್ಕದಲ್ಲಿ ಕೂತಿದ್ದ ಮರಾಠಿ ಹೆಂಗಸು ಹೇಳಿದಳು. ಆದರೆ ನಮ್ಮ ಹತ್ತಿರ ಇದ್ದದ್ದು ಅಮೆರಿಕದ ವೀಸಾ. ಶೆಂಗೆನ್ ವೀಸಾ ಇಲ್ಲದೆ ಭಾರತದ ಪಾಸ್‌ಪೋರ್ಟಿನವರನ್ನು ಹೊರಗೆ ಬಿಡುವುದಿಲ್ಲ. ಗಾಜಿನಾಚೆ ಮಳೆ ಬರುತ್ತಿತ್ತು. ಒಂಬತ್ತು ಗಂಟೆ ಆ ಮಳೆ ನೋಡಿದೆವು.

ಸಿಂಗಾಪುರದ್ದು ಇದಕ್ಕೆ ತಿರುಗುಮುರುಗು. 2019ರ ಕೊನೆಯಲ್ಲಿ ಮೆಲ್ಬರ್ನ್‌ಗೆ ಹೋಗುವಾಗ ಚಾಂಗಿ ಏರ್‌ಪೋರ್ಟಿನಲ್ಲಿ ಹತ್ತು ಗಂಟೆ ಇತ್ತು. ಫ್ರಾಂಕ್‌ಫರ್ಟಿನ ಪಾಠ ನೆನಪಿದ್ದುದರಿಂದ ಇಲ್ಲೂ ಬಿಡುವುದಿಲ್ಲ ಎಂದುಕೊಂಡು ಕೇಳಲೇ ಇಲ್ಲ. ಆಸ್ಟ್ರೇಲಿಯಾ, ಅಮೆರಿಕದಂಥ ಕೆಲವು ದೇಶಗಳ ವೀಸಾ ಇರುವ ಭಾರತೀಯರನ್ನು 96 ಗಂಟೆವರೆಗೆ ಸಿಂಗಾಪುರ ವೀಸಾ ಇಲ್ಲದೆಯೇ ಒಳಬಿಡುವ ಪದ್ಧತಿ ಅಲ್ಲಿದೆ, ಷರತ್ತುಗಳ ಮೇಲೆ. ಸಾಲದ್ದಕ್ಕೆ ಲೇಓವರ್ ಪ್ರಯಾಣಿಕರನ್ನು ಬಸ್ಸಿನಲ್ಲಿ ಪುಕ್ಕಟೆ ಊರು ಸುತ್ತಿಸುವ ವ್ಯವಸ್ಥೆಯೂ ಇದೆ. ಇದೆಲ್ಲ ಗೊತ್ತಾಗಿದ್ದು ಊರಿಗೆ ಬಂದ ಮೇಲೆ.

ಆದರೂ ಒಂದು ಸಿಕ್ಕಿತು. ಅಲ್ಲಿ ಟರ್ಮಿನಲ್ 2ರಿಂದ 3ಕ್ಕೆ ಹೋಗಲು ಪುಟ್ಟ ರೈಲು ಇದೆ, ಟಿಕೆಟ್ ಇಲ್ಲ. ಅದು ಜ್ಯುವೆಲ್ ಎಂಬ ಗಾಜಿನ ಕಟ್ಟಡದ ಹೊಟ್ಟೆಯೊಳಗೇ ಹಾದು ಹೋಗುತ್ತದೆ. ಅದರ ಚಾವಣಿಯಿಂದ ನಲವತ್ತು ಮೀಟರ್ ಎತ್ತರದ ನೀರು ಧಾರೆಯಾಗಿ ಕೆಳಗೆ ಬೀಳುತ್ತದೆ. ಹೊರಗೆ ಹೋಗದವರಿಗೂ ರೈಲಿನ ಕಿಟಕಿಯಲ್ಲಿ ಅದು ಕಾಣುತ್ತದೆ. ಯಜಮಾನರು ನೋಡಿ, "ನಮ್ಮ ಜೋಗ ಇದರ ಆರು ಪಟ್ಟು" ಅಂದರು. ಹಾಗಂದವರೇ ಮೂರು ಸಲ ಆ ರೈಲು ಹತ್ತಿದರು.

ನಿಯಮಗಳು ಬದಲಾಗುತ್ತಲೇ ಇರುತ್ತವೆ. ಪಕ್ಕದ ಮನೆಯವರ ಅನುಭವ ನಂಬಬೇಡಿ, ನನ್ನದನ್ನೂ ನಂಬಬೇಡಿ. ಹೊರಡುವ ವಾರ ಮಕ್ಕಳಿಂದ ಆಯಾ ದೇಶದ ಸರ್ಕಾರದ ಪುಟವನ್ನೇ ನೋಡಿಸಿ.

4. ಒಂದೇ ಜಾಗ ನೋಡಿ.

ಜಾತ್ರೆಯಲ್ಲಿ ಎಲ್ಲ ಅಂಗಡಿಗೂ ಹೋದವಳು ಬಳೆ ಇಡಿಸಿಕೊಳ್ಳದೆ ಬಂದಳಂತೆ. 2024ರ ಫೆಬ್ರವರಿಯಲ್ಲಿ ಅಮೆರಿಕದಿಂದ ವಾಪಸ್ ಬರುವಾಗ ದುಬೈಯಲ್ಲಿ ಹನ್ನೊಂದು ಗಂಟೆ ಸಿಕ್ಕಿತು. ಅಮೆರಿಕದ ವೀಸಾ ಇದ್ದುದರಿಂದ ಇಳಿದ ಮೇಲೆ ದುಡ್ಡು ಕಟ್ಟಿ ವೀಸಾ ಮಾಡಿಸಿಕೊಳ್ಳಬಹುದಿತ್ತು. ಅಳಿಯ ಉದ್ದ ಪಟ್ಟಿ ಕಳಿಸಿದ್ದ: ಬುರ್ಜ್ ಖಲೀಫಾ, ದುಬೈ ಮಾಲ್, ಕಾರಂಜಿ, ಮರಳುಗಾಡು. ನಾನು ಪಟ್ಟಿ ಮಡಚಿ ಚೀಲಕ್ಕೆ ಹಾಕಿದೆ. ದೋಣಿ ಒಂದು ಸಾಕು ಎಂದೆ.

ದುಬೈ ಊರು ಹುಟ್ಟಿದ್ದು ಕ್ರೀಕ್ ಎನ್ನುವ ಸಮುದ್ರದ ಹಿನ್ನೀರಿನ ದಂಡೆಯಲ್ಲಿ. ಈ ದಡ ದೇರಾ, ಆ ದಡ ಬರ್ ದುಬೈ. ದಾಟಲಿಕ್ಕೆ ಅಬ್ರಾ ಎನ್ನುವ ಮರದ ದೋಣಿ. ಟರ್ಮಿನಲ್ 3ರ ಬಾಗಿಲಲ್ಲೇ ಮೆಟ್ರೊ. ಯೂನಿಯನ್ ಎಂಬಲ್ಲಿ ಇಳಿದು ಹಸಿರು ಲೈನಿಗೆ ಬದಲಿಸಿ, ಅಲ್ ರಾಸ್ ಸ್ಟೇಷನ್ನಿನಲ್ಲಿ ಇಳಿದರೆ ದೋಣಿಗಟ್ಟೆ ನಡೆಯುವ ದೂರ. ಮೆಟ್ರೊದಲ್ಲಿ ಹೆಂಗಸರು ಮಕ್ಕಳಿಗೆ ಬೇರೆ ಡಬ್ಬಿ ಇದೆ. ಯಜಮಾನರು ನನ್ನ ಜೊತೆ ಅದಕ್ಕೇ ಹತ್ತಲು ಹೋಗಿ ಬೈಸಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು.

ಅಬ್ರಾಕ್ಕೆ ಒಂದು ದಿರ್ಹಮ್. ದೋಣಿಯ ನಡುವೆ ಉದ್ದಕ್ಕೆ ಒಂದು ಹಲಗೆ, ಜನ ಬೆನ್ನಿಗೆ ಬೆನ್ನು ಕೊಟ್ಟು ಎರಡೂ ಕಡೆ ನೀರಿಗೆ ಮುಖ ಮಾಡಿ ಕೂರುತ್ತಾರೆ. ದೋಣಿ ನಡೆಸುವವನು ಎಲ್ಲರ ನಡುವೆ ಒಂದು ಗುಂಡಿಯಂಥ ಜಾಗದಲ್ಲಿ ನಿಂತು ಚಕ್ರ ತಿರುಗಿಸುತ್ತಾನೆ. ಕಾಸನ್ನು ಪಕ್ಕದವರ ಕೈಗೆ ಕೊಟ್ಟರೆ ಕೈಯಿಂದ ಕೈಗೆ ದಾಟಿ ಅವನಿಗೆ ಮುಟ್ಟುತ್ತದೆ, ನಮ್ಮ ಕಡೆ ಖಾಸಗಿ ಬಸ್ಸಿನಲ್ಲಿ ಮುಟ್ಟಿದ ಹಾಗೆ. ಐದಾರು ನಿಮಿಷದ ದಾರಿ. ಬೆಳ್ಳಕ್ಕಿಯಂಥ ಹಕ್ಕಿಗಳು, ಡೀಸೆಲ್ ವಾಸನೆ, ಸೀರೆಗೆ ಸಿಡಿದ ಉಪ್ಪುನೀರು. ಆ ದಡಕ್ಕೆ ಹೋಗಿ, ಇಳಿದು, ಚಹಾ ಕುಡಿದು, ಮತ್ತೆ ಈ ದಡಕ್ಕೆ ಬಂದು, ಮತ್ತೆ ಹೋಗಿ, ಮತ್ತೆ ಬಂದೆವು. ನಾಲ್ಕು ಸಲ ದಾಟಿದ್ದಕ್ಕೆ ಇಬ್ಬರಿಗೂ ಸೇರಿ ಎಂಟು ದಿರ್ಹಮ್.

ದೇರಾ ಕಡೆ ಮಸಾಲೆ ಸಂತೆ ಇದೆ. ಗೋಣಿಚೀಲದ ಬಾಯಿ ಬಿಚ್ಚಿ ಇಟ್ಟ ಏಲಕ್ಕಿ, ಕೇಸರಿ, ಒಣಗಿ ಕಪ್ಪಾದ ನಿಂಬೆಹಣ್ಣು. ಏಲಕ್ಕಿ ಮೂಸಿ ನೋಡಿ ರೇಟು ಕೇಳಿದೆ. ಅಂಗಡಿಯವನು ಹಿಂದಿಯಲ್ಲಿ, "ಮಾಜೀ, ನಿಮ್ಮ ಕಡೆಯದ್ದೇ" ಅಂದ. ಮತ್ತೆ ಕೊಳ್ಳುವುದೇನು ಬಂತು!

5. ಆ ದಿನ ಬಾಗಿಲು ತೆರೆದಿರುತ್ತದೆಯೇ ನೋಡಿಕೊಳ್ಳಿ.

2023ರ ಅಕ್ಟೋಬರ್‌ನಲ್ಲಿ ದೊಡ್ಡವಳ ಎರಡನೇ ಹೆರಿಗೆಗೆ ಹೋಗುವಾಗ ಶಿಕಾಗೋದಲ್ಲಿ ಒಂಬತ್ತು ಗಂಟೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅಮೆರಿಕದಲ್ಲಿ ಮೊದಲು ಎಲ್ಲಿ ಇಳಿಯುತ್ತೀರೋ ಅಲ್ಲೇ ಇಮಿಗ್ರೇಷನ್ ಆಗುತ್ತದೆ. ಕೊನೆಯ ಊರಿಗೆ ಟ್ಯಾಗ್ ಹಾಕಿದ್ದರೂ ಪೆಟ್ಟಿಗೆಗಳನ್ನು ಅಲ್ಲೇ ಎತ್ತಿಕೊಂಡು ಕಸ್ಟಮ್ಸ್ ದಾಟಿಸಿ ಮತ್ತೆ ಒಪ್ಪಿಸಬೇಕು. ಇದಕ್ಕೇ ಎರಡು ಗಂಟೆ ಹೋಯಿತು. ಆದರೆ ಅದು ಮುಗಿದ ಮೇಲೆ ನೀವು ದೇಶದೊಳಗೆ ಬಂದ ಹಾಗೆ. ಕೈಬೀಸಿಕೊಂಡು ಊರು ನೋಡಲು ಹೋಗಬಹುದು.

ಯಜಮಾನರಿಗೆ ಒಂದು ಆಸೆ ಇತ್ತು. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ ಕಟ್ಟಡ ಶಿಕಾಗೋದಲ್ಲಿ ಇವತ್ತಿಗೂ ಇದೆ. ಈಗ ಅದು ಆರ್ಟ್ ಇನ್‌ಸ್ಟಿಟ್ಯೂಟ್ ಎನ್ನುವ ದೊಡ್ಡ ಕಲಾ ಸಂಗ್ರಹಾಲಯ. ಏರ್‌ಪೋರ್ಟಿನಿಂದಲೇ ಬ್ಲೂ ಲೈನ್ ರೈಲು, ತಲೆಗೆ ಐದು ಡಾಲರ್, ಮುಕ್ಕಾಲು ಗಂಟೆ ಚಿಲ್ಲರೆ. ಮನ್ರೋ ಎನ್ನುವಲ್ಲಿ ಇಳಿದು ಮಿಷಿಗನ್ ಸರೋವರದ ಕಡೆಗೆ ನಡೆದೆವು. ಕಟ್ಟಡದ ಮುಂದೆ ಹಸಿರು ಹತ್ತಿದ ಕಂಚಿನ ಎರಡು ಸಿಂಹ. ಬೀದಿಗೆ ಸ್ವಾಮಿ ವಿವೇಕಾನಂದರ ಹೆಸರಿನ ಕಂದು ಬೋರ್ಡೂ ಇದೆ. ಇವರು ಅದನ್ನು ನೋಡಿ ಚಪ್ಪಲಿ ಬಿಡಲು ಹೋದರು. ನಾನು ತಡೆದೆ, ಚಳಿ ಇತ್ತು.

ಬಾಗಿಲು ಮುಚ್ಚಿತ್ತು. ಅವತ್ತು ಮಂಗಳವಾರ. ಮಂಗಳವಾರ, ಬುಧವಾರ ಅಲ್ಲಿ ರಜೆಯಂತೆ. ಹದಿನೈದು ಗಂಟೆ ವಿಮಾನದಲ್ಲಿ ಕೂತು ಬಂದು ವಾರ ನೋಡಿಕೊಳ್ಳದ ದಡ್ಡತನ ನಮ್ಮದೇ. ಇವರು ಮೆಟ್ಟಿಲ ಮೇಲೆ ಕೂತು ಒಂದು ಹತ್ತು ನಿಮಿಷ ಮಾತೇ ಆಡಲಿಲ್ಲ.

ಕೈಯಲ್ಲಿ ಇನ್ನೂ ಎರಡು ಗಂಟೆ ಇತ್ತು. ಪಾರ್ಕು ದಾಟಿ ಮಿಷಿಗನ್ ಸರೋವರದ ದಂಡೆಗೆ ಹೋದೆವು. ಆಚೆ ದಡ ಕಾಣುವುದಿಲ್ಲ, ಅಲೆ ಬರುತ್ತದೆ, ಆದರೆ ಸಿಹಿನೀರು. ನಾನು ಬಗ್ಗಿ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ಯಜಮಾನರು ಬಹಳ ಹೊತ್ತು ಅತ್ತಿತ್ತ ನೋಡಿ ಕೊನೆಗೆ ಬಾಯಿ ಬಿಟ್ಟರು: "ಅಲ್ವೇ, ಇದಕ್ಕೆ ಏರಿ ಎಲ್ಲಿದೆ?" ಸೂಳೆಕೆರೆ ನೋಡಿ ಬೆಳೆದವರಿಗೆ ಏರಿ ಇಲ್ಲದ ಕೆರೆ ಕೆರೆಯೇ ಅಲ್ಲ. ಎರಡು ಗುಡ್ಡದ ನಡುವೆ ಏರಿ ಕಟ್ಟಿಸಿದ ಶಾಂತವ್ವನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. "ಇದಕ್ಕೆ ಯಾವ ಶಾಂತವ್ವನೂ ಇಲ್ಲ ಬಿಡ್ರಿ, ಮಂಜುಗಡ್ಡೆ ಕರಗಿ ತಾನೇ ಆದದ್ದಂತೆ" ಎಂದೆ, ಮಗಳು ಹೇಳಿದ್ದು ನೆನಪಿತ್ತು. ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದೆ. ಸಂಗ್ರಹಾಲಯ ತೆರೆದಿದ್ದರೆ ಆ ಊಟ ಸಿಗುತ್ತಿರಲಿಲ್ಲ ಅನ್ನುವುದು ನಿಜ. ಆದರೂ ವಾರ ನೋಡಿಕೊಳ್ಳಿ.

6. ಗಡಿಯಾರ ತಿರುಗಿಸಿ.

ಯಜಮಾನರದ್ದು ಕೀ ಕೊಡುವ ಎಚ್‌ಎಂಟಿ. ಎಲ್ಲಿಗೆ ಹೋದರೂ ಅದು ಕತ್ತಲಗೆರೆ ಟೈಮನ್ನೇ ತೋರಿಸುತ್ತದೆ. ಬಿಪಿ ಮಾತ್ರೆಗೆ ಸರಿಹೋಗುತ್ತದೆ ಅನ್ನುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಮರೆತರೆ ಬೇಗ ಬಂದು ಕೂರುತ್ತೀರಿ, ಅಷ್ಟೇ. ಸಿಂಗಾಪುರ ಎರಡೂವರೆ ಗಂಟೆ ಮುಂದೆ. ಅಲ್ಲಿ ಮರೆತರೆ ವಿಮಾನ ಹೋಗಿರುತ್ತದೆ.

7. ವೀಲ್‌ಚೇರ್ ಬೇಕೇ, ಯೋಚಿಸಿ.

ಭಾಷೆ ಬಾರದ ತಂದೆತಾಯಿಗೆ ಮಕ್ಕಳು ವೀಲ್‌ಚೇರ್ ಬುಕ್ ಮಾಡುತ್ತಾರೆ. ಕಾಲು ಸರಿ ಇರುವವರಿಗೂ ಮಾಡುತ್ತಾರೆ. ಗೇಟಿನವರೆಗೆ ತಳ್ಳಿಕೊಂಡು ಹೋಗಿ ಬಿಡುತ್ತಾರೆ, ದಾರಿ ತಪ್ಪುವ ಭಯ ಇಲ್ಲ, ನಿಜ. ಆದರೆ ಲೇಓವರ್‌ನಲ್ಲಿ ವೀಲ್‌ಚೇರಿನವರನ್ನೆಲ್ಲ ಒಂದು ಕಡೆ ಕೂರಿಸಿ, "ಇಲ್ಲೇ ಇರಿ, ಕರೆಯಲಿಕ್ಕೆ ಬರ್ತೀವಿ" ಎಂದು ಹೋಗುತ್ತಾರೆ. ಎದ್ದು ಹೋದರೆ ಹುಡುಕಾಟ ಶುರು. ಮೊದಲ ಸಲ ಹಾಗೆ ಕೂತಿದ್ದಾಗ ನಮ್ಮ ಸುತ್ತ ಹನ್ನೆರಡು ಜನ ಇದ್ದರು, ಗುಜರಾತಿ, ತೆಲುಗು, ಪಂಜಾಬಿ, ಎಲ್ಲ ಅಜ್ಜ ಅಜ್ಜಿಯರು. ಸಂತೆಯಲ್ಲಿ ಕಟ್ಟಿಹಾಕಿದ ಎತ್ತುಗಳ ಹಾಗಿದ್ದೆವು. ನಿಜವಾಗಿ ನಡೆಯಲಾಗದವರಿಗೆ ಅದು ದೊಡ್ಡ ಉಪಕಾರ, ಸಂಕೋಚ ಬೇಡ. ನಡೆಯಬಲ್ಲವರು ಗೇಟ್ ನಂಬರು ಓದುವುದನ್ನು ಕಲಿತರೆ ಸಾಕು. ಎ, ಬಿ, ಸಿ ಮತ್ತು ಅಂಕಿ, ಅದಕ್ಕಿಂತ ಹೆಚ್ಚು ಇಂಗ್ಲಿಷ್ ಅಲ್ಲಿ ಬೇಕಾಗಿಲ್ಲ.

8. ಬೆಂಗಳೂರಿನಲ್ಲಿ ನೆಂಟರ ಮನೆಗೆ ಹೋಗಬೇಡಿ.

ಇದನ್ನು ಬರೆದರೆ ನೆಂಟರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಮೊದಲೆಲ್ಲ ನಾವು ಊರಿಂದ ಕಾರು ಮಾಡಿಕೊಂಡು ಹೋಗುತ್ತಿದ್ದೆವು. ಕಳಿಸಲು ಬರುವವರು ನಾಲ್ಕು ಜನ, ಪೆಟ್ಟಿಗೆ ನಾಲ್ಕು, ಡ್ರೈವರು. ಚಿತ್ರದುರ್ಗ, ಹಿರಿಯೂರು, ಶಿರಾ ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರನ್ನು ಮುಟ್ಟುವುದೇ ಬೇಡ. ಈಗ ಆ ರಸ್ತೆ ಚೆನ್ನಾಗಿದೆ. ಕಾರಿನವರು ಇದನ್ನು ನೆನಪಿಡಿ. 2023ರ ಫೆಬ್ರವರಿ 27ಕ್ಕೆ ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಅದೇ ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ವಿಮಾನ ಬರಲು ಶುರುವಾಯಿತು. ನಮಗೆ ಚನ್ನಗಿರಿ ಮೇಲೆ ಹತ್ತಿರ. 2025ರಲ್ಲಿ ಹೊರಟಾಗ ಅದರಲ್ಲೇ ಹೋದೆವು. ತಾಸಿನಲ್ಲಿ ಬೆಂಗಳೂರು. ಆದರೆ ಅದು ಹಗಲಿನ ವಿಮಾನ, ದುಬೈ ವಿಮಾನ ಇರುವುದು ಬೆಳಗಿನ ಜಾವ. ಟಿಕೆಟ್ ಬೇರೆ ಬೇರೆ, ಆದ್ದರಿಂದ ನಡುವೆ ಹೊತ್ತು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮಳೆ ಮೋಡ ಎಂದು ಶಿವಮೊಗ್ಗದ ವಿಮಾನ ಏಳದಿದ್ದರೆ ಕಾರಿನಲ್ಲಾದರೂ ಹೋಗಿ ಮುಟ್ಟಬಹುದು. ಹೀಗೆ ಬೆಂಗಳೂರೇ ನಮಗೆ ಲೇಓವರ್ ಊರಾಯಿತು, ಹದಿನಾಲ್ಕು ಗಂಟೆಯ ಲೇಓವರ್.

ಹಿಂದೊಂದು ಸಲ ಇಂಥದೇ ಹೊತ್ತಿನಲ್ಲಿ ವಿಜಯನಗರದ ನೆಂಟರು "ಒಂದೇ ತಾಸು, ಬಂದು ಊಟ ಮಾಡ್ಕೊಂಡ್ ಹೋಗ್ರಿ" ಅಂದಿದ್ದರು. ಹೋಗಲು ಎರಡು ತಾಸು. ಊಟದ ನಂತರ ಆಲ್ಬಮ್, ಆಲ್ಬಮ್ ನಂತರ ಕುಂಕುಮ, ಕುಂಕುಮದ ನಂತರ ಬಾಗಿಲಲ್ಲಿ ನಿಂತು ಮಾತು. ವಾಪಸ್ ಬರುವಾಗ ಹೆಬ್ಬಾಳ ಫ್ಲೈಓವರಿನ ಮೇಲೆ ನಿಂತ ಕಾರು ನಿಂತೇ ಇತ್ತು. ಕೌಂಟರು ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅವತ್ತು ನಾವು ಕಟ್ಟಕಡೆಯ ಪ್ರಯಾಣಿಕರು.

ಈ ಸಲ ದಿಕ್ಕು ಬದಲಿಸಿದೆವು. ಪೆಟ್ಟಿಗೆಗಳನ್ನು ಏರ್‌ಪೋರ್ಟಿನ ಲಗೇಜ್ ಇಡುವ ಕಡೆ ಒಪ್ಪಿಸಿ, ಚೀಟಿ ಇಸಿದುಕೊಂಡು, ಟ್ಯಾಕ್ಸಿ ಮಾಡಿ ಉತ್ತರಕ್ಕೆ ಹೋದೆವು. ಟ್ಯಾಕ್ಸಿಯ ಹುಡುಗ ದೊಡ್ಡಬಳ್ಳಾಪುರದವನು. "ಎಲ್ರೂ ಸಿಟಿ ಕಡೆ ಅಂತಾರೆ, ನೀವೊಬ್ರೇ ಈ ಕಡೆ" ಅಂದ.

ಏರ್‌ಪೋರ್ಟ್ ಕಟ್ಟಿದ್ದೇ ದೇವನಹಳ್ಳಿ ಮಗ್ಗುಲಲ್ಲಿ. ವಿಮಾನ ಹತ್ತುವ ಲಕ್ಷ ಜನರಲ್ಲಿ ದೇವನಹಳ್ಳಿ ಕೋಟೆ ಹತ್ತಿದವರು ಎಷ್ಟು ಜನ ಇದ್ದಾರೋ! 1501ರಲ್ಲಿ ಮಲ್ಲ ಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ, ಆಮೇಲೆ ಹೈದರಾಲಿ ಕಾಲದಲ್ಲಿ ಕಲ್ಲಿನದಾಯಿತು. ಟಿಪ್ಪು ಹುಟ್ಟಿದ್ದು ಈ ಊರಲ್ಲೇ. ಒಳಗೆ ವೇಣುಗೋಪಾಲಸ್ವಾಮಿ ಗುಡಿ ಇದೆ, ಬೀದಿ ಇದೆ, ಜನ ಈಗಲೂ ವಾಸ ಮಾಡುತ್ತಾರೆ. ಬುರುಜಿನ ಮೇಲೆ ಕಾಲು ಗಂಟೆ ಕೂತರೆ ತಲೆ ಮೇಲೆ ಎಷ್ಟು ವಿಮಾನ ಹೋಗುತ್ತವೆ ಎಂದು ಎಣಿಸಬಹುದು.

ಅಲ್ಲಿಂದ ನಂದಿಗೆ. ಬೆಟ್ಟ ಹತ್ತಬೇಡಿ. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ವಾರಾಂತ್ಯದಲ್ಲಿ ಬೆಂಗಳೂರೇ ಎದ್ದು ಬಂದಿರುತ್ತದೆ, ಕಾರು ಸಿಕ್ಕಿಕೊಂಡರೆ ನಿಮ್ಮ ವಿಮಾನ ಹೋಯಿತು. ಬೆಟ್ಟದ ಬುಡದಲ್ಲಿ ನಂದಿ ಗ್ರಾಮ ಇದೆ, ಅಲ್ಲಿ ಭೋಗನಂದೀಶ್ವರ ದೇವಸ್ಥಾನ. ಏರ್‌ಪೋರ್ಟಿನಿಂದ ಮುಕ್ಕಾಲು ತಾಸಿನ ದಾರಿ. ಒಂಬತ್ತನೇ ಶತಮಾನದಲ್ಲಿ ಶುರುವಾದ ಗುಡಿ. ನೊಳಂಬರಿಂದ ವಿಜಯನಗರದವರೆಗೆ ಬಂದವರೆಲ್ಲ ಒಂದೊಂದು ಕೈ ಹಾಕಿದ್ದಾರೆ. ಒಂದೇ ಅಂಗಳದಲ್ಲಿ ಎರಡು ದೊಡ್ಡ ಗುಡಿ, ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ. ನಡುವೆ ಚಿಕ್ಕದೊಂದು ಉಮಾಮಹೇಶ್ವರ, ಅದರ ಮುಂದೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದಿ ಯೌವನ, ಬೆಟ್ಟದ ಮೇಲಿನ ಯೋಗನಂದಿ ಎಲ್ಲ ಬಿಟ್ಟ ಶಿವ ಎಂದು ಅಲ್ಲಿಯ ಜನ ಹೇಳುತ್ತಾರೆ.

ನಾನು ಬಹಳ ಹೊತ್ತು ಕೂತದ್ದು ಹಿಂದಿನ ಕಲ್ಯಾಣಿಯ ಬಳಿ, ಶೃಂಗಿತೀರ್ಥ ಅನ್ನುತ್ತಾರೆ. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲು ಇಳಿಯುತ್ತಾ ನೀರಿಗೆ ಮುಟ್ಟುತ್ತದೆ. ನಮ್ಮ ಸಂತೇಬೆನ್ನೂರಿನ ಪುಷ್ಕರಣಿಯ ಅಕ್ಕನ ಹಾಗೆ ಕಂಡಿತು. ನಮ್ಮದರಲ್ಲಿ ನೀರಿನ ನಡುವೆ ವಸಂತ ಮಂಟಪ ಇದೆ, ಇಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ. ಸಂತೇಬೆನ್ನೂರು ನಮಗೆ ಹತ್ತಿರದ ಊರು, ಆದರೂ ಹೀಗೆ ಎರಡು ತಾಸು ಅಲ್ಲಿ ಯಾವತ್ತೂ ಕೂತವಳಲ್ಲ. ಅಲ್ಲಿಗೆ ಹೋದರೆ ಸಂತೆ, ಮದುವೆ, ಬ್ಯಾಂಕು, ಏನಾದರೊಂದು ಕೆಲಸ ಇರುತ್ತದೆ. ಇಲ್ಲಿ ಏನೂ ಇರಲಿಲ್ಲ. ಯಜಮಾನರು ಕಂಬಕ್ಕೆ ಒರಗಿ ಗೊರಕೆ ಹೊಡೆದರು. ಒಬ್ಬ ಹುಡುಗಿ ಮದುವೆ ಫೋಟೊಗೆ ಎಂದು ಹಸಿರು ಸೀರೆಯಲ್ಲಿ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದಳು. ಫೋಟೊದವನು ಹತ್ತು ಸಲ "ಇನ್ನೊಂದ್ಸಲ ನಗಿ ಮೇಡಂ" ಅಂದ. ಹತ್ತನೇ ಸಲಕ್ಕೆ ಅವಳಿಗೆ ನಿಜವಾದ ನಗು ಬಂತು.

ವಾಪಸ್ ಬರುವಾಗ ದಾರಿಯಲ್ಲಿ ಚಕ್ಕೋತ ಮಾರುತ್ತಿದ್ದರು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ಇದೆ, ಗೊತ್ತಿರಲಿ. ಮಗುವಿನ ತಲೆಯಷ್ಟು ಗಾತ್ರ, ಬೆರಳಗಲ ಬಿಳಿ ಸಿಪ್ಪೆ. ಮಾರುವಾಕೆಯೇ ಕುಡುಗೋಲಿನಿಂದ ಸೀಳಿ ಬಿಡಿಸಿಕೊಟ್ಟಳು. ಅಮೆರಿಕಕ್ಕೆ ತಾಜಾ ಹಣ್ಣು ಒಯ್ಯುವ ಹಾಗಿಲ್ಲ, ಆದ್ದರಿಂದ ಅಲ್ಲೇ ಟ್ಯಾಕ್ಸಿ ಹುಡುಗನೂ ಸೇರಿ ಮೂವರೂ ತಿಂದು ಮುಗಿಸಿದೆವು. ರಾತ್ರಿ ದೇವನಹಳ್ಳಿಯಲ್ಲಿ ಮುದ್ದೆ ಊಟ. ಒಂಬತ್ತಕ್ಕೆ ಏರ್‌ಪೋರ್ಟ್. ವಿದೇಶದ ವಿಮಾನಗಳೆಲ್ಲ ಟರ್ಮಿನಲ್ 2ರಿಂದ ಏಳುತ್ತವೆ, ಒಳಗೆ ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು. ಇನ್ನೂ ಏಳು ಗಂಟೆ ಇತ್ತು. ಹೊಟ್ಟೆ ತುಂಬಿತ್ತು, ಕಾಲು ದಣಿದಿತ್ತು, ಕೂತಲ್ಲೇ ನಿದ್ದೆ ಬಂತು.

9. ಕೈಚೀಲ ಹಗುರ ಇರಲಿ, ಒಳಗೇನಿದೆ ನಿಮಗೇ ಗೊತ್ತಿರಲಿ.

ಒಂದು ಜೊತೆ ಬಟ್ಟೆ, ಟವೆಲು, ಮಾತ್ರೆ ಮತ್ತು ಡಾಕ್ಟರ ಚೀಟಿ, ಮಗಳ ವಿಳಾಸ ಫೋನ್ ನಂಬರು ಬರೆದ ಕಾಗದ, ಆ ದೇಶದ ಸ್ವಲ್ಪ ಚಿಲ್ಲರೆ ನೋಟು. ಇಷ್ಟು ಸಾಕು. ರೊಟ್ಟಿ, ಚಟ್ನಿಪುಡಿ ಒಣದು, ನಮಗೆ ತಕರಾರು ಬಂದಿಲ್ಲ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಒಣ ಕೊಬ್ಬರಿ ಬಟ್ಟಲು ಬೇಗ ಬೆಂಕಿ ಹಿಡಿಯುತ್ತದೆ ಎಂದು ವಿಮಾನಕ್ಕೇ ಬಿಡುವುದಿಲ್ಲ.

ವಿಭೂತಿ ಗಟ್ಟಿಯ ಕಥೆಯನ್ನೂ ಹೇಳಬೇಕು. ಒಂದು ಊರಲ್ಲಿ ಸ್ಕ್ಯಾನರಿನಲ್ಲಿ ಅದನ್ನು ಕಂಡ ಹುಡುಗ ಚೀಲ ಬಿಚ್ಚಿಸಿದ. ಬಿಳಿ ಗಟ್ಟಿ, ಮುಟ್ಟಿದರೆ ಕೈಗೆ ಪುಡಿ. ಅವನ ಮುಖ ಬದಲಾಯಿತು, ಇನ್ನಿಬ್ಬರನ್ನು ಕರೆದ. ಯಜಮಾನರ ಕೊರಳಲ್ಲಿ ಬೆಳ್ಳಿ ಕರಡಿಗೆ, ಅದು ಬೇರೆ ಕುಂಯ್ ಎಂದು ಕೂಗಿತ್ತು. ನನಗೆ ಇಂಗ್ಲಿಷ್ ಬರಲಿಲ್ಲ. ಗಟ್ಟಿಯ ಮೇಲೆ ಮೂರು ಬೆರಳು ಉಜ್ಜಿ ಹಣೆಗೆ ಎಳೆದುಕೊಂಡೆ. ಆಮೇಲೆ ಇವರ ಹಣೆಗೂ ಎಳೆದೆ. ಅವನು ನಮ್ಮಿಬ್ಬರ ಮುಖ ನೋಡಿ ನಕ್ಕುಬಿಟ್ಟ. ಕಾಗದದ ಪಟ್ಟಿಯಿಂದ ಒರೆಸಿ ಯಂತ್ರಕ್ಕೆ ಹಾಕಿ ನೋಡಿ ಕಳಿಸಿದ. ಈಗ ಗಟ್ಟಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಡುತ್ತೇನೆ.

10. ಗಸಗಸೆ.

ಇದನ್ನು ಕೊನೆಗೆ ಇಟ್ಟಿದ್ದೇನೆ, ಮರೆಯದಿರಲಿ ಎಂದು. ಬಾಣಂತಿಗೆ ಅಂಟಿನ ಉಂಡೆ ಮಾಡದೆ ಯಾವ ತಾಯಿ ಹೊರಡುತ್ತಾಳೆ? ಅದಕ್ಕೆ ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲ, ಅದರ ಜೊತೆಗೆ ಗಸಗಸೆ. ನಮಗೆ ಅದು ಅಡುಗೆಮನೆ ಸಾಮಾನು. ದುಬೈ ಇರುವ ಯುಎಇ, ಸಿಂಗಾಪುರ, ಸೌದಿಗಳಲ್ಲಿ ಅದು ಅಫೀಮಿನ ಗಿಡದ ಬೀಜ, ಕಾನೂನಿನಲ್ಲಿ ನಿಷಿದ್ಧ. ಚೀಲದಲ್ಲಿ ಸಿಕ್ಕರೆ "ಗೊತ್ತಿರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ, ನೀವು ಆ ದೇಶಕ್ಕೆ ಹೋಗುವವರಲ್ಲ, ದಾರಿಯಲ್ಲಿ ಇಳಿದವರು ಎಂದರೂ ನಡೆಯುವುದಿಲ್ಲ.

2023ರಲ್ಲಿ ಹೊರಡುವ ಹಿಂದಿನ ರಾತ್ರಿ ಮಗಳು ಫೋನ್ ಮಾಡಿದಳು. "ಅಮ್ಮಾ, ಉಂಡೆಗೆ ಗಸಗಸೆ ಹಾಕಿದ್ದೀಯಾ?" ಹಾಕಿದ್ದೆ. ಎಂಬತ್ತು ಉಂಡೆ ಕಟ್ಟಿ ಡಬ್ಬಿಗೆ ತುಂಬಿ ಟೇಪು ಸುತ್ತಿಯಾಗಿತ್ತು. ಬೆಳಗಾಗೆದ್ದು ಟೇಪು ಬಿಚ್ಚಿ ಕೇರಿಗೆಲ್ಲ ಹಂಚಿದೆ. ಬಾಣಂತಿ ಮಿನಿಯಾಪೊಲಿಸ್‌ನಲ್ಲಿ, ಅವಳ ಉಂಡೆ ತಿಂದು ಗಟ್ಟಿಯಾದವರು ಕತ್ತಲಗೆರೆಯ ಗಂಡಸರು. ಈಗಲೂ ನಾನು ಪೆಟ್ಟಿಗೆ ಕಟ್ಟುವ ಸುದ್ದಿ ಸಿಕ್ಕರೆ ಒಬ್ಬೊಬ್ಬರೇ ಕಟ್ಟೆಗೆ ಬಂದು, "ಅಕ್ಕಾರೇ, ಈ ಸಲ ಉಂಡೆ ಏನಾದ್ರೂ ಉಳಿತಾವಾ?" ಎಂದು ಕೇಳುತ್ತಾರೆ.

ಉಳಿಯುವುದಿಲ್ಲ. ಗಸಗಸೆ ಬಿಟ್ಟು ಮಾಡಿದರೂ ಅಂಟಿನ ಉಂಡೆ ಚೆನ್ನಾಗಿಯೇ ಆಗುತ್ತದೆ, ಒಂದು ಹಿಡಿ ಬಾದಾಮಿ ಹೆಚ್ಚು ಹಾಕಿ.